ಲೆಕ್ಕದ ಡೋಸ್ ಒಂದು, ಅಳತೆಯ ಡೋಸ್ ಇನ್ನೊಂದು: ಸ್ಕ್ಯಾನಿಂಗ್ ಪ್ರೋಟಾನ್ ಬೀಮ್‌ನಲ್ಲಿ ದೋಷ ಹುಡುಕುವುದು ಹೇಗೆ

ಪ್ಲಾನ್ ಪ್ರಕಾರ ಆ ಬಿಂದುವಿನಲ್ಲಿ 2.00 ಗ್ರೇ ಇರಬೇಕು. ಡೋಸ್ ಅಳೆಯುವ ಅಯಾನ್ ಚೇಂಬರ್ ತೋರಿಸುತ್ತಿರುವುದು 1.92. ಶೇ. 4 ಕಡಿಮೆ. ಇಂಥ ಹೊತ್ತಿನಲ್ಲಿ ಎಂಯು (ಯಂತ್ರ ಎಷ್ಟು ಬೀಮ್ ಬಿಡಬೇಕೆಂದು ಹೇಳುವ ಮಾನಿಟರ್ ಯೂನಿಟ್) ಅನ್ನು 1.04ರಿಂದ ಗುಣಿಸಿ ಕೈತೊಳೆದುಕೊಳ್ಳುವ ಆಸೆ ಯಾರಿಗಾದರೂ ಬರುತ್ತದೆ, ಅದರಲ್ಲೂ ರೋಗಿ ಮರುದಿನ ಬೆಳಿಗ್ಗೆಯೇ ಕೌಚ್ ಮೇಲೆ ಮಲಗಬೇಕಿದ್ದರೆ. ಆದರೆ ಆ ಶೇ. 4 ಹುಟ್ಟಿದ್ದು ರೇಂಜ್ ಶಿಫ್ಟರ್‌ನಿಂದ (ಬೀಮನ್ನು ನಿಧಾನಗೊಳಿಸಲು ಅದರ ಹಾದಿಯಲ್ಲಿಡುವ ಪ್ಲಾಸ್ಟಿಕ್ ಫಲಕ) ಎಂದಾದರೆ, ಶಿಫ್ಟರ್ ಇಲ್ಲದ ಮುಂದಿನ ಪ್ಲಾನ್‌ಗೆ ಅದೇ ಗುಣಕ ಶೇ. 4 ಹೆಚ್ಚುವರಿ ಡೋಸ್ ಸುರಿಯುತ್ತದೆ. ಆದ್ದರಿಂದ ವ್ಯತ್ಯಾಸ ಎಷ್ಟು ಎಂದು ಕೇಳಿ ಸುಮ್ಮನಾಗುವಂತಿಲ್ಲ. ಅದು ಯಾವುದರ ಜೊತೆ ಬದಲಾಗುತ್ತದೆ ಎಂದು ಕೇಳಬೇಕು. ಆಳದ ಜೊತೆಗೋ, ಎನರ್ಜಿಯ ಜೊತೆಗೋ, ಫೀಲ್ಡ್ ಗಾತ್ರದ ಜೊತೆಗೋ, ಏರ್ ಗ್ಯಾಪ್ (ಶಿಫ್ಟರ್‌ಗೂ ಚರ್ಮಕ್ಕೂ ನಡುವಿನ ಗಾಳಿಯ ಅಂತರ) ಜೊತೆಗೋ? ಈ ನಾಲ್ಕಕ್ಕೆ ಉತ್ತರ ಸಿಕ್ಕರೆ ದೋಷದ ವಿಳಾಸ ಮುಕ್ಕಾಲುಪಾಲು ಸಿಕ್ಕಂತೆಯೇ.

ಈ ಬರಹ ಪ್ರೋಟಾನ್ ಕಡೆಗೆ ಬರುತ್ತಿರುವ ಮೆಡಿಕಲ್ ಫಿಸಿಸಿಸ್ಟ್‌ಗಳಿಗಾಗಿ. ಸ್ವಿಟ್ಜರ್ಲೆಂಡಿನ ವಿಲ್ಲಿಗೆನ್‌ನಲ್ಲಿರುವ ಪೌಲ್ ಶೆರರ್ ಸಂಸ್ಥೆ 1996ರಲ್ಲಿ ಗ್ಯಾಂಟ್ರಿಯಲ್ಲಿ (ರೋಗಿಯ ಸುತ್ತ ಬೀಮನ್ನು ತಿರುಗಿಸುವ ಚೌಕಟ್ಟು) ಸ್ಪಾಟ್ ಸ್ಕ್ಯಾನಿಂಗ್ ಚಿಕಿತ್ಸೆ ಶುರುಮಾಡಿತು. ಭಾರತದಲ್ಲಿ ಚೆನ್ನೈನ ಆಸ್ಪತ್ರೆಯೊಂದರಲ್ಲಿ 2019ರಿಂದ, ನವಿ ಮುಂಬೈಯ ಖಾರ್ಘರ್‌ನಲ್ಲಿ ಟಾಟಾ ಸ್ಮಾರಕ ಕೇಂದ್ರದ ಆ್ಯಕ್ಟ್ರೆಕ್‌ನಲ್ಲಿ 2023ರಿಂದ ಪ್ರೋಟಾನ್ ಚಿಕಿತ್ಸೆ ನಡೆಯುತ್ತಿದೆ. ಎಲ್ಲಾದರೂ ತತ್ವ ಒಂದೇ: ತೆಳುವಾದ ಬೀಮ್ ಅನ್ನು ಮ್ಯಾಗ್ನೆಟ್‌ಗಳಿಂದ ಅತ್ತಿತ್ತ ಸರಿಸುತ್ತ, ಎನರ್ಜಿ ಬದಲಿಸುತ್ತ, ಪದರ ಪದರವಾಗಿ ಸಾವಿರಾರು ಸ್ಪಾಟ್‌ಗಳನ್ನು ಇಡುವುದು. ಒಂದು ಸ್ಪಾಟ್‌ನ ವಿವರಣೆಯಲ್ಲಿ ಕಣ್ಣಿಗೆ ಬೀಳದಷ್ಟು ಸಣ್ಣ ತಪ್ಪಿದ್ದರೂ ಸಾವಿರಾರು ಸ್ಪಾಟ್‌ಗಳು ಕೂಡಿದಾಗ ಅದು ಪ್ರತಿಶತಗಳಲ್ಲಿ ಮಾತಾಡುತ್ತದೆ.

ಯಂತ್ರವನ್ನು ದೂರುವ ಮೊದಲು

ಮೊದಲು ನೋಡಬೇಕಾದದ್ದು ಆರ್‌ಬಿಇ, ಅಂದರೆ ಫೋಟಾನ್‌ಗೆ ಹೋಲಿಸಿ ಪ್ರೋಟಾನ್‌ನ ಜೈವಿಕ ಪರಿಣಾಮ ಹೇಳುವ ಗುಣಕ. ಅಳತೆ ಲೆಕ್ಕಕ್ಕಿಂತ ಶೇ. 9ರಷ್ಟು ಕಡಿಮೆ ಬಂದರೆ ಬೇರೇನೂ ಯೋಚಿಸಬೇಡಿ. ಟಿಪಿಎಸ್‌ನಿಂದ (ಪ್ಲಾನ್ ಮಾಡಿ ಡೋಸ್ ಲೆಕ್ಕಹಾಕುವ ತಂತ್ರಾಂಶ) ಹೊರತೆಗೆದದ್ದು 1.1ರಿಂದ ಗುಣಿಸಿದ ಡೋಸ್ ಆಗಿರುತ್ತದೆ, ಚೇಂಬರ್‌ಗೆ ಗೊತ್ತಿರುವುದು ಭೌತಿಕ ಡೋಸ್ ಮಾತ್ರ. ಒಂದನ್ನು 1.1ರಿಂದ ಭಾಗಿಸಿದರೆ 0.909. ಎಷ್ಟೇ ಅನುಭವಿಗಳಿರುವ ವಿಭಾಗದಲ್ಲೂ ಇದು ಆಗಾಗ ತಲೆಹಾಕುತ್ತದೆ, ಏಕೆಂದರೆ ಎಕ್ಸ್‌ಪೋರ್ಟ್ ಮಾಡುವ ಪರದೆಯಲ್ಲಿ ಎರಡೂ ಆಯ್ಕೆಗಳು ಅಕ್ಕಪಕ್ಕದಲ್ಲೇ ಇರುತ್ತವೆ.

ಎರಡನೆಯದು ತಾಪಮಾನ ಮತ್ತು ಒತ್ತಡದ ತಿದ್ದುಪಡಿ. ಡೋಸ್ ಅಳೆಯಲು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಕೊಟ್ಟ ಟಿಆರ್‌ಎಸ್-398 ನಿಯಮಾವಳಿಯ ಉಲ್ಲೇಖ ತಾಪಮಾನ 20 ಡಿಗ್ರಿ. ಅಮೆರಿಕದ ಅಂಥದೇ ನಿಯಮಾವಳಿ ಟಿಜಿ-51ರದ್ದು 22 ಡಿಗ್ರಿ. ಒಂದರ ಕ್ಯಾಲಿಬ್ರೇಷನ್ ಗುಣಾಂಕಕ್ಕೆ ಇನ್ನೊಂದರ ಸೂತ್ರ ಹಚ್ಚಿದರೆ ಶೇ. 0.7 ಕೈಬಿಟ್ಟುಹೋಗುತ್ತದೆ. ಒತ್ತಡದ್ದು ಇನ್ನೂ ದೊಡ್ಡದು. ಹವಾಮಾನ ವರದಿ, ಮೊಬೈಲ್ ಆ್ಯಪ್‌ಗಳಲ್ಲಿ ಬರುವುದು ಸಮುದ್ರಮಟ್ಟಕ್ಕೆ ಇಳಿಸಿದ ಒತ್ತಡ. ಚೆನ್ನೈಯಲ್ಲಿ ಅದನ್ನೇ ಬರೆದುಕೊಂಡರೂ ಹೆಚ್ಚೇನೂ ಕೆಡುವುದಿಲ್ಲ. ಬೆಂಗಳೂರಿನಂತೆ 900 ಮೀಟರ್ ಎತ್ತರದ ಊರಿನಲ್ಲಿ ಹಾಗೆ ಮಾಡಿದರೆ ಸುಮಾರು ಶೇ. 10 ತಪ್ಪು. ಬೇರೆ ಊರಿನಿಂದ ತಂದ ಎಕ್ಸೆಲ್ ಹಾಳೆಯನ್ನು ಹಾಗೆಯೇ ಬಳಸುವವರು ಆ ಕೋಶದಲ್ಲಿ ಯಾವ ಒತ್ತಡ ಕೂತಿದೆ ಎಂದು ಒಮ್ಮೆ ನೋಡಲಿ.

ರೀಕಾಂಬಿನೇಷನ್ (ಚೇಂಬರ್‌ನೊಳಗಿನ ಅಯಾನ್‌ಗಳು ಎಣಿಕೆಗೆ ಸಿಗುವ ಮೊದಲೇ ಮತ್ತೆ ಕೂಡಿಬಿಡುವುದು) ತಿದ್ದುಪಡಿಗೆ ಬೀಮ್ ಯಾವ ಬಗೆಯದು ಎಂದು ಗೊತ್ತಿರಬೇಕು. ಸೈಕ್ಲೋಟ್ರಾನ್ ಬೀಮ್ ಬಹುಮಟ್ಟಿಗೆ ಸತತವಾದದ್ದು, ಸಿಂಕ್ರೊಸೈಕ್ಲೋಟ್ರಾನ್ ಬೀಮ್ ಪಲ್ಸ್‌ಗಳಲ್ಲಿ ಬರುತ್ತದೆ. ಎರಡು ವೋಲ್ಟೇಜ್ ವಿಧಾನದ ಸೂತ್ರ ಇವೆರಡಕ್ಕೂ ಬೇರೆ ಬೇರೆ.

ಇನ್ನು ಫ್ಯಾಂಟಮ್, ಅಂದರೆ ಅಳತೆಗಾಗಿ ದೇಹದ ಬದಲು ಇಡುವ ನೀರು ಅಥವಾ ಹಲಗೆ. ಪರ್‌ಸ್ಪೆಕ್ಸ್ ಹಲಗೆಯ 5 ಸೆಂ.ಮೀ. ಪ್ರೋಟಾನ್ ಪಾಲಿಗೆ ಸುಮಾರು 5.8 ಸೆಂ.ಮೀ. ನೀರು. ಫೋಟಾನ್‌ಗೆಂದು ಮಾಡಿದ ಸಾಲಿಡ್ ವಾಟರ್ ಪ್ರೋಟಾನ್‌ಗೂ ನೀರೇ ಆಗಿರುತ್ತದೆ ಎಂಬ ಭರವಸೆ ಇಲ್ಲ. ನಿಮ್ಮಲ್ಲಿರುವ ಹಲಗೆಗಳ ನೀರಿನ ಸಮಾನ ದಪ್ಪವನ್ನು ನೀವೇ ಅಳೆದು ಹಲಗೆಯ ಮೇಲೆಯೇ ಬರೆದಿಡಿ. ಅರೇ ಡಿಟೆಕ್ಟರ್‌ನ ಮುಂದಿನ ಹೊದಿಕೆಯ ದಪ್ಪವೂ ಇದೇ ಲೆಕ್ಕಕ್ಕೆ ಸೇರಬೇಕು. ಫಿಲ್ಮ್ ಬಳಸುವುದಾದರೆ ಬ್ರ್ಯಾಗ್ ಪೀಕ್ (ಪ್ರೋಟಾನ್ ನಿಲ್ಲುವ ಮುನ್ನ ಡೋಸ್ ಗರಿಷ್ಠವಾಗುವ ಜಾಗ) ಬಳಿ ಅದು ಕಡಿಮೆ ತೋರಿಸುತ್ತದೆ, ಏಕೆಂದರೆ ಅಲ್ಲಿ ಎಲ್‌ಇಟಿ (ಹಾದಿಯ ಪ್ರತಿ ಘಟಕ ದೂರಕ್ಕೆ ಪ್ರೋಟಾನ್ ಬಿಡುವ ಶಕ್ತಿ) ಏರಿ ಫಿಲ್ಮ್‌ನ ಪ್ರತಿಕ್ರಿಯೆ ಕುಗ್ಗುತ್ತದೆ. ಅಲ್ಲಿನ ಕೊರತೆಯನ್ನು ಟಿಪಿಎಸ್ ತಲೆಗೆ ಕಟ್ಟಬೇಡಿ.

ಎಲ್ಲ ಕಡೆ ಒಂದೇ ಪ್ರಮಾಣದ ವ್ಯತ್ಯಾಸ

ಎಲ್ಲ ಆಳಗಳಲ್ಲೂ, ಎಲ್ಲ ಫೀಲ್ಡ್‌ಗಳಲ್ಲೂ, ಎಲ್ಲ ಎನರ್ಜಿಗಳಲ್ಲೂ ಅದೇ ಶೇ. 2 ಎಂದಾದರೆ ಅದು ಔಟ್‌ಪುಟ್. ನಾಝಲ್‌ನಲ್ಲಿರುವ (ಬೀಮ್ ಹೊರಬರುವ ಯಂತ್ರದ ಮೂತಿ) ಮಾನಿಟರ್ ಚೇಂಬರ್‌ನ ಕ್ಯಾಲಿಬ್ರೇಷನ್ ನೋಡಿ, ಅದು ಗಾಳಿಗೆ ತೆರೆದ ಚೇಂಬರ್ ಆಗಿದ್ದರೆ ಅದರ ಒತ್ತಡ ಸಂವೇದಕವನ್ನೂ ನೋಡಿ. ಬಹುತೇಕ ಅಲ್ಲಿಗೆ ಮುಗಿಯುತ್ತದೆ.

ಮುಗಿಯದಿದ್ದಾಗ ಅನುಮಾನಿಸಬೇಕಾದ ಇನ್ನೊಂದು ಇದೆ, ಅದನ್ನು ಜನ ಮರೆಯುವುದೇ ಹೆಚ್ಚು: ಸ್ಕ್ಯಾನಿಂಗ್ ಮ್ಯಾಗ್ನೆಟ್‌ನ ಅಳತೆಗೋಲು. ಸ್ಪಾಟ್‌ಗಳು ಎರಡೂ ದಿಕ್ಕಿನಲ್ಲಿ ಶೇ. 1ರಷ್ಟು ದೂರ ಸರಿದವು ಎಂದುಕೊಳ್ಳಿ. 10 ಸೆಂ.ಮೀ. ಫೀಲ್ಡ್ 10.1 ಆಗುತ್ತದೆ, ಅಂಚು ಸರಿದದ್ದು ಬರೀ 0.5 ಮಿ.ಮೀ. ಸ್ಪಾಟ್ ಸ್ಥಾನಕ್ಕೆ 1 ಮಿ.ಮೀ. ಮಿತಿ ಇಟ್ಟುಕೊಂಡಿರುವ ದಿನನಿತ್ಯದ ಕ್ಯೂಎಗೆ (ಗುಣಮಟ್ಟದ ಪರೀಕ್ಷೆ) ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಆದರೆ ಅಷ್ಟೇ ಪ್ರೋಟಾನ್‌ಗಳು ಶೇ. 2 ಹೆಚ್ಚು ವಿಸ್ತೀರ್ಣಕ್ಕೆ ಹರಡಿರುವುದರಿಂದ ನಡುವಿನ ಡೋಸ್ ಶೇ. 2 ಇಳಿಯುತ್ತದೆ. ನಾಟಿಯಲ್ಲಿ ಸಸಿಗಳ ನಡುವಿನ ಅಂತರ ತುಸು ಹೆಚ್ಚಿಸಿದರೆ ಎಕರೆಗೆ ಬೀಳುವ ಸಸಿಗಳೇ ಕಡಿಮೆಯಾದ ಹಾಗೆ. ಇದನ್ನು ಔಟ್‌ಪುಟ್ ದೋಷದಿಂದ ಬೇರ್ಪಡಿಸುವುದು ಸುಲಭ: ದೊಡ್ಡ ವ್ಯಾಸದ ಚೇಂಬರ್‌ನ ನಡುವೆ ಒಂದೇ ಸ್ಪಾಟ್ ಬಿಟ್ಟು ಅಳೆಯಿರಿ. ಅಲ್ಲಿ ಸ್ಪಾಟ್‌ಗಳ ನಡುವಿನ ಅಂತರದ ಪ್ರಶ್ನೆಯೇ ಬರುವುದಿಲ್ಲ. ಒಂಟಿ ಸ್ಪಾಟ್ ಸರಿಯಿದ್ದು ಹರಡಿದ ಫೀಲ್ಡ್ ಮಾತ್ರ ಕಡಿಮೆ ಬಂದರೆ ಮ್ಯಾಗ್ನೆಟ್ ಕಡೆ ಹೋಗಿ. ಸಿಂಟಿಲೇಟರ್ ಪರದೆಯ ಮೇಲೆ ಆದಷ್ಟು ದೂರದ ಮೂಲೆಗಳಲ್ಲಿ ಸ್ಪಾಟ್ ಇಟ್ಟು ಅಳೆದರೆ ಆ ಶೇ. 1 ಕಣ್ಣಿಗೇ ಕಾಣುತ್ತದೆ.

ಆಳಕ್ಕೆ ತಕ್ಕಂತೆ ಬದಲಾದರೆ

ಪ್ರವೇಶದ ಬಳಿ ಎಲ್ಲ ಸರಿ, ತುದಿಯ ಇಳಿಜಾರಿನಲ್ಲಿ ಮಾತ್ರ ಭಾರಿ ವ್ಯತ್ಯಾಸ. ಇದು ಡೋಸ್‌ನ ದೋಷದಂತೆ ಕಾಣುವ ರೇಂಜ್ (ಬೀಮ್ ಹೋಗಿ ತಲುಪುವ ಆಳ) ದೋಷ. ಬ್ರ್ಯಾಗ್ ಪೀಕ್‌ನ ಆಚೆ ಡೋಸ್ ಕೆಲವೇ ಮಿಲಿಮೀಟರ್‌ಗಳಲ್ಲಿ ಕುಸಿಯುವುದರಿಂದ 1 ಮಿ.ಮೀ. ಸರಿದರೂ ಆ ಬಿಂದುವಿನಲ್ಲಿ ಶೇ. 10ಕ್ಕಿಂತ ಹೆಚ್ಚು ಏರುಪೇರಾಗುತ್ತದೆ. ಬಹುಪದರ ಅಯಾನ್ ಚೇಂಬರ್‌ನಿಂದ ಐದಾರು ಎನರ್ಜಿಗಳ ರೇಂಜ್ ಅಳೆದು ಕಮಿಷನಿಂಗ್ (ಯಂತ್ರವನ್ನು ಬಳಕೆಗೆ ತರುವಾಗಿನ ಮೊದಲ ಅಳತೆಗಳು) ದಾಖಲೆಯ ಪಕ್ಕ ಇಡಿ. ನೆನಪಿಗೆ ಹೇಳುವುದಾದರೆ ನೀರಿನಲ್ಲಿ 70 ಎಂಇವಿ ಬೀಮ್ ಸುಮಾರು 4 ಸೆಂ.ಮೀ., 150 ಎಂಇವಿ ಸುಮಾರು 16, 230 ಎಂಇವಿ ಸುಮಾರು 33 ಸೆಂ.ಮೀ. ಹೋಗುತ್ತದೆ. ಎಲ್ಲ ಎನರ್ಜಿಗಳಲ್ಲೂ ಅದೇ 1 ಮಿ.ಮೀ. ಸರಿದಿದ್ದರೆ ಅದು ಡಿಟೆಕ್ಟರ್ ಮುಂದಿನ ಯಾವುದೋ ದಪ್ಪದ ಲೆಕ್ಕ ತಪ್ಪಿದ್ದು. ಎನರ್ಜಿಗೆ ತಕ್ಕಂತೆ ಸರಿತ ಬದಲಾಗುತ್ತಿದ್ದರೆ ಮಾತ್ರ ಎನರ್ಜಿ ಆಯ್ಕೆ ವ್ಯವಸ್ಥೆಯನ್ನು ಅನುಮಾನಿಸಿ.

ಪ್ರವೇಶವೂ ಸರಿ, ರೇಂಜೂ ಸರಿ, ನಡುವಿನ ಆಳದಲ್ಲಿ ಮಾತ್ರ ಅಳತೆ ಮೇಲೆ ಹೋಗುತ್ತಿದೆ, ಅದೂ ಹೆಚ್ಚಿನ ಎನರ್ಜಿಗಳಲ್ಲಿ. ಇದರ ಮೂಲ ಬಹಳ ಸಲ ಕಮಿಷನಿಂಗ್ ದಿನಗಳಲ್ಲೇ ಇರುತ್ತದೆ. ಒಂಟಿ ಸ್ಪಾಟ್‌ನ ಆಳ-ಡೋಸ್ ರೇಖೆಯನ್ನು 8 ಸೆಂ.ಮೀ. ಆಸುಪಾಸಿನ ವ್ಯಾಸದ ಚೇಂಬರ್‌ನಲ್ಲಿ ಅಳೆದಿದ್ದರೆ, ಅದರ ಅಂಚಿನ ಆಚೆ ಚದುರಿದ ಡೋಸ್ ಲೆಕ್ಕಕ್ಕೇ ಬಂದಿರುವುದಿಲ್ಲ. ಆ ಕೊರತೆ ಹೆಚ್ಚಿನ ಎನರ್ಜಿಯಲ್ಲಿ, ನಡು ಆಳದಲ್ಲಿ ಅತಿ ಹೆಚ್ಚು. 12 ಅಥವಾ 15 ಸೆಂ.ಮೀ. ವ್ಯಾಸದ ಚೇಂಬರ್‌ಗಳು ಬಂದದ್ದೇ ಇದಕ್ಕಾಗಿ. ಹಳೆಯ ಚೇಂಬರ್‌ನ ದತ್ತಾಂಶವಾದರೆ ಮಾಂಟೆ ಕಾರ್ಲೋದಿಂದ (ಒಂದೊಂದು ಪ್ರೋಟಾನ್‌ನ ಹಾದಿಯನ್ನೂ ಯಾದೃಚ್ಛಿಕವಾಗಿ ಅನುಕರಿಸುವ ಲೆಕ್ಕ) ತಿದ್ದುಪಡಿ ಹಾಕಲಾಗಿದೆಯೇ ಎಂದು ಕಮಿಷನಿಂಗ್ ವರದಿ ತೆರೆದು ನೋಡಿ.

ಫೀಲ್ಡ್ ಗಾತ್ರಕ್ಕೆ ತಕ್ಕಂತೆ ಬದಲಾದರೆ: ಹೇಲೋ

ಈ ಚದುರಿದ ಡೋಸ್‌ಗೆ ಹೇಲೋ ಎನ್ನುತ್ತಾರೆ. ಸ್ಪಾಟ್‌ನ ತಿರುಳು ಕೆಲವು ಮಿಲಿಮೀಟರ್ ಅಗಲದ ಗೌಸಿಯನ್, ಅಂದರೆ ಗಂಟೆಯಾಕಾರದ ಹರಡಿಕೆ. ಅದರ ಸುತ್ತ ಹಲವು ಸೆಂಟಿಮೀಟರ್‌ಗಳವರೆಗೆ ಬಲು ತೆಳುವಾದ ಡೋಸ್ ಹರಡಿರುತ್ತದೆ. ಒಂದು ಸ್ಪಾಟ್‌ನಲ್ಲಿ ಅಳೆಯಲೂ ಕಷ್ಟವಾಗುವಷ್ಟು ಕಡಿಮೆ, ಆದರೆ 20 ಸೆಂ.ಮೀ. ಫೀಲ್ಡ್‌ನ ನಡುಬಿಂದುವಿಗೆ ನೂರಾರು ಸ್ಪಾಟ್‌ಗಳ ಹೇಲೋ ಬಂದು ಸೇರುತ್ತದೆ. ಬೀಮ್ ಮಾಡೆಲ್‌ನಲ್ಲಿ ಒಂಟಿ ಗೌಸಿಯನ್ ಮಾತ್ರ ಇದ್ದು, 10×10 ಫೀಲ್ಡ್‌ನಲ್ಲಿ ಕ್ಯಾಲಿಬ್ರೇಟ್ ಮಾಡಿದ್ದರೆ ಗುರುತು ಸ್ಪಷ್ಟ: 10×10ರಲ್ಲಿ ಲೆಕ್ಕ ಸರಿ, 4×4ರಲ್ಲಿ ಅಳತೆ ಲೆಕ್ಕಕ್ಕಿಂತ ಕಡಿಮೆ, 20×20ರಲ್ಲಿ ಹೆಚ್ಚು.

ಇಲ್ಲಿಗೆ ನಿಲ್ಲಿಸಿ ಎರಡನೇ ಗೌಸಿಯನ್ ಸೇರಿಸಿಬಿಡೋಣ ಎನ್ನುವ ಮೊದಲು ಹೇಲೋ ಎಲ್ಲಿ ಹುಟ್ಟುತ್ತಿದೆ ಎಂದು ನೋಡಬೇಕು. ಅದಕ್ಕೆ ಎರಡು ತವರು. ಒಂದು, ನೀರಿನ ಅಥವಾ ದೇಹದ ಒಳಗೆ ನ್ಯೂಕ್ಲಿಯರ್ ಕ್ರಿಯೆಗಳಿಂದ ಹುಟ್ಟುವ ದ್ವಿತೀಯಕ ಪ್ರೋಟಾನ್‌ಗಳು. ಪ್ರತಿ ಸೆಂಟಿಮೀಟರ್‌ಗೆ ಸುಮಾರು ಶೇ. 1 ಪ್ರೋಟಾನ್‌ಗಳು ಹೀಗೆ ಮೂಲ ಬೀಮ್‌ನಿಂದ ಕಳೆದುಹೋಗುತ್ತವೆ. ಇನ್ನೊಂದು, ನಾಝಲ್‌ನಲ್ಲಿರುವ ಕಿಟಕಿ, ಮಾನಿಟರ್‌ಗಳಿಗೆ ತಾಗಿ ಚದುರಿ ಬರುವವು. ಬೇರ್ಪಡಿಸುವ ದಾರಿ: ಒಂದೇ ಎನರ್ಜಿಯ ಫೀಲ್ಡ್‌ಗಳನ್ನು 4×4ರಿಂದ 20×20ರವರೆಗೆ 2 ಸೆಂ.ಮೀ. ಆಳದಲ್ಲೊಮ್ಮೆ, ರೇಂಜ್‌ನ ಅರ್ಧಕ್ಕಿಂತ ತುಸು ಕೆಳಗೊಮ್ಮೆ ಅಳೆಯಿರಿ. ವ್ಯತ್ಯಾಸ 2 ಸೆಂ.ಮೀ.ನಲ್ಲೇ ಇದ್ದರೆ ನಾಝಲ್; ಆಳಕ್ಕೆ ಹೋದಂತೆ ಬೆಳೆದರೆ ನ್ಯೂಕ್ಲಿಯರ್ ಹೇಲೋ. ಇದಕ್ಕಿಂತ ಹರಿತವಾದ ಪರೀಕ್ಷೆ ನಡು ಖಾಲಿಬಿಟ್ಟ ಚೌಕಟ್ಟಿನ ಫೀಲ್ಡ್: ಸುತ್ತ ಮಾತ್ರ ಸ್ಪಾಟ್‌ಗಳು, ಚೇಂಬರ್ ಖಾಲಿ ನಡುವಿನಲ್ಲಿ. ಅಲ್ಲಿ ಓದಿದ್ದೆಲ್ಲ ಹೇಲೋವೇ.

ಈ ಭೇದ ಮುಖ್ಯವಾಗುವುದು ಮಾಂಟೆ ಕಾರ್ಲೋ ಬಳಸುವಾಗ. ನೀರಿನೊಳಗಿನ ನ್ಯೂಕ್ಲಿಯರ್ ಹೇಲೋವನ್ನು ಮಾಂಟೆ ಕಾರ್ಲೋ ತಾನೇ ಹುಟ್ಟಿಸಿಕೊಳ್ಳುತ್ತದೆ. ನಾಝಲ್‌ನಿಂದ ಬರುವುದು ಅದಕ್ಕೆ ಗೊತ್ತಿಲ್ಲ. ನಾವು ಮೂಲದಲ್ಲಿ ಕೊಟ್ಟರಷ್ಟೇ ಅದು ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಅಲ್ಗಾರಿದಮ್ ಬದಲಿಸಿದರೂ ಸಣ್ಣ ಫೀಲ್ಡ್‌ನ ವ್ಯತ್ಯಾಸ ಅಲ್ಲಾಡದೆ ಉಳಿದರೆ ದೋಷ ಬೀಮ್ ಮಾಡೆಲ್‌ನದು. ಮಾಂಟೆ ಕಾರ್ಲೋ ಎಂದಕೂಡಲೇ ಸತ್ಯವೇ ಬಂದು ನಿಂತಿತು ಎಂಬ ಭಾವನೆ ನಮ್ಮ ವೃತ್ತಿಯಲ್ಲಿ ತುಸು ಹೆಚ್ಚೇ ಇದೆ.

ರೇಂಜ್ ಶಿಫ್ಟರ್ ಮತ್ತು ಏರ್ ಗ್ಯಾಪ್

ನನ್ನ ಮಟ್ಟಿಗೆ ಸ್ಕ್ಯಾನಿಂಗ್ ಬೀಮ್‌ನ ಅತಿ ಕಗ್ಗಂಟಿನ ದೋಷಗಳು ಇಲ್ಲೇ ಇರುತ್ತವೆ. ಯಂತ್ರದ ಕನಿಷ್ಠ ಎನರ್ಜಿ 70 ಎಂಇವಿ ಎಂದರೆ 4 ಸೆಂ.ಮೀ.ಗಿಂತ ಮೇಲಿರುವ ಗುರಿಯನ್ನು ನೇರ ಬೀಮ್‌ನಿಂದ ಮುಟ್ಟಲಾಗದು. ಸ್ತನ, ಕುತ್ತಿಗೆ, ಪರೋಟಿಡ್ ಎಲ್ಲಕ್ಕೂ ನಾಝಲ್ ತುದಿಗೆ ಪ್ಲಾಸ್ಟಿಕ್ ಫಲಕ ಸಿಕ್ಕಿಸಬೇಕು. ಆ ಫಲಕ ಬೀಮನ್ನು ನಿಧಾನಗೊಳಿಸುವುದರ ಜೊತೆಗೆ ಚದುರಿಸುತ್ತದೆ ಕೂಡ, ಚದುರಿದ ಬೀಮ್ ಫಲಕಕ್ಕೂ ಚರ್ಮಕ್ಕೂ ನಡುವಿನ ಗಾಳಿಯಲ್ಲಿ ಹರಡುತ್ತ ಹೋಗುತ್ತದೆ. ಗ್ಯಾಪ್ 5 ಸೆಂ.ಮೀ. ಇದ್ದಾಗಿನ ಸ್ಪಾಟ್ ಬೇರೆ, 30 ಸೆಂ.ಮೀ. ಇದ್ದಾಗಿನ ಸ್ಪಾಟ್ ಬೇರೆ.

ಪೆನ್ಸಿಲ್ ಬೀಮ್ ಅಲ್ಗಾರಿದಮ್ ಒಂದು ಕಿರಣದ ಹಾದಿಯಲ್ಲಿ ಏನೇನಿದೆಯೋ ಅದೇ ಅಕ್ಕಪಕ್ಕದಲ್ಲೂ ಅನಂತವಾಗಿ ಹಬ್ಬಿದೆ ಎಂದು ಭಾವಿಸಿ ಚದುರುವಿಕೆ ಲೆಕ್ಕಹಾಕುತ್ತದೆ. ಸಮತಟ್ಟಾದ ನೀರಿನಲ್ಲಿ ಈ ಊಹೆ ನಡೆಯುತ್ತದೆ. ಹಿಗ್ಗಿದ ಸ್ಪಾಟ್ ಬಂದು ದವಡೆಯ ಓರೆಗೋ ಸ್ತನದ ಇಳಿಜಾರಿಗೋ ಬಿದ್ದಾಗ ಸ್ಪಾಟ್‌ನ ಒಂದು ಬದಿ ದೇಹದಲ್ಲಿ, ಇನ್ನೊಂದು ಬದಿ ಗಾಳಿಯಲ್ಲಿ. ಪಕ್ಕದಿಂದ ತಿರುಗಿ ಬರಬೇಕಿದ್ದ ಪ್ರೋಟಾನ್‌ಗಳು ಬರುವುದೇ ಇಲ್ಲ, ಅಲ್ಗಾರಿದಮ್ ಮಾತ್ರ ಅವು ಬಂದವೆಂದೇ ಎಣಿಸಿರುತ್ತದೆ. ಗುರಿಯೊಳಗಿನ ಡೋಸ್ ಪರದೆಯ ಮೇಲೆ ಹೆಚ್ಚು, ರೋಗಿಯಲ್ಲಿ ಕಡಿಮೆ.

ಹುಡುಕುವ ಕ್ರಮ ಹೀಗಿರಲಿ. ಮೊದಲು ಚಪ್ಪಟೆ ಫ್ಯಾಂಟಮ್, ಶಿಫ್ಟರ್ ಹಾಕಿ, ಗ್ಯಾಪ್ ಮಾತ್ರ 5, 15, 30 ಸೆಂ.ಮೀ. ಎಂದು ಬದಲಿಸುತ್ತ ಅದೇ ಫೀಲ್ಡ್. ಇಲ್ಲೇ ವ್ಯತ್ಯಾಸ ಕಂಡು ಗ್ಯಾಪ್ ಜೊತೆ ಬೆಳೆದರೆ ಅಲ್ಗಾರಿದಮ್ ಅನ್ನು ಬಯ್ಯುವ ಕಾಲ ಇನ್ನೂ ಬಂದಿಲ್ಲ. ಟಿಪಿಎಸ್‌ನಲ್ಲಿ ಶಿಫ್ಟರ್‌ನ ವಸ್ತು, ಸಾಂದ್ರತೆ, ನೀರಿನ ಸಮಾನ ದಪ್ಪ, ಐಸೋಸೆಂಟರ್‌ನಿಂದ (ಗ್ಯಾಂಟ್ರಿ ತಿರುಗುವ ಕೇಂದ್ರಬಿಂದು) ಅದರ ದೂರ ಇವೆಲ್ಲ ನಿಜವಾದದ್ದಕ್ಕೆ ಹೊಂದುತ್ತವೆಯೇ ನೋಡಿ. ಶಿಫ್ಟರ್‌ನೊಳಗೆ ಹುಟ್ಟುವ ನ್ಯೂಕ್ಲಿಯರ್ ಹೇಲೋ ಗಾಳಿಯಲ್ಲಿ ದೂರ ಹಾರಿಹೋಗುವುದನ್ನು ಮಾಡೆಲ್ ಹಿಡಿದಿದೆಯೇ ನೋಡಿ. ಸ್ನೌಟ್ (ಶಿಫ್ಟರ್ ಹಿಡಿದು ಮುಂದೆ ಹಿಂದೆ ಸರಿಯುವ ನಾಝಲ್ ತುದಿ) ಸ್ಥಾನವನ್ನು ಟೇಪ್ ಹಿಡಿದು ಅಳೆಯಲು ಸಂಕೋಚ ಬೇಡ. ಪ್ಲಾನ್‌ನಲ್ಲಿ ಬರೆದ ದೂರಕ್ಕೂ ಸ್ನೌಟ್ ಹೋಗಿ ನಿಂತ ದೂರಕ್ಕೂ ಹೊಂದದಿದ್ದರೆ ಮುಂದಿನ ವಿಶ್ಲೇಷಣೆಯೆಲ್ಲ ವ್ಯರ್ಥ.

ಚಪ್ಪಟೆ ಫ್ಯಾಂಟಮ್‌ನಲ್ಲಿ ಮೂರು ಗ್ಯಾಪ್‌ಗಳೂ ಪಾಸಾದರೆ ಫ್ಯಾಂಟಮ್ ಓರೆಯಾಗಿಸಿ, ಅಥವಾ ಗ್ಯಾಂಟ್ರಿ 45 ಡಿಗ್ರಿ ತಿರುಗಿಸಿ. ಈಗ ಕೆಟ್ಟರೆ ದೋಷ ಅಲ್ಗಾರಿದಮ್‌ನದೇ. ಅದೇ ಪ್ಲಾನನ್ನು ಮಾಂಟೆ ಕಾರ್ಲೋದಲ್ಲಿ ಮರುಲೆಕ್ಕ ಹಾಕಿ, ವ್ಯತ್ಯಾಸ ಮುಚ್ಚಿಹೋದರೆ ಖಾತ್ರಿ. ಪರಿಹಾರ ಎರಡು ಕಡೆಯಿಂದ: ಗ್ಯಾಪ್ ಆದಷ್ಟು ಕಡಿಮೆ ಮಾಡುವುದು, ಅಂತಿಮ ಡೋಸ್ ಮತ್ತು ಸಾಧ್ಯವಾದರೆ ಆಪ್ಟಿಮೈಸೇಷನ್ ಎರಡನ್ನೂ ಮಾಂಟೆ ಕಾರ್ಲೋದಲ್ಲೇ ಮಾಡುವುದು. ಪೆನ್ಸಿಲ್ ಬೀಮ್‌ನಲ್ಲಿ ಆಪ್ಟಿಮೈಸ್ ಮಾಡಿ, ಮಾಂಟೆ ಕಾರ್ಲೋದಲ್ಲಿ ನೋಡಿ, ಕೊರತೆ ಕಂಡು ಇಡೀ ಪ್ಲಾನನ್ನು ಮೇಲಕ್ಕೆ ಎಳೆಯುವುದು ನನಗೆ ಒಪ್ಪಿಗೆಯಿಲ್ಲ. ಕೊರತೆ ಓರೆಯ ಬದಿಯಲ್ಲಿರುತ್ತದೆ, ಎಳೆತ ಮಾತ್ರ ಎಲ್ಲ ಕಡೆಗೂ ತಟ್ಟುತ್ತದೆ.

ಫ್ಯಾಂಟಮ್‌ನಲ್ಲಿ ಪಾಸ್, ರೋಗಿಯಲ್ಲಿ ಅನುಮಾನ

ರೋಗಿಯ ಪ್ಲಾನನ್ನು ನೀರಿನ ಫ್ಯಾಂಟಮ್‌ಗೆ ವರ್ಗಾಯಿಸಿ ಅಳೆಯುವ ಕ್ಯೂಎ ರೋಗಿಯ ಸಿಟಿಯನ್ನು ಮುಟ್ಟುವುದೇ ಇಲ್ಲ. ಎಚ್‌ಯು-ಆರ್‌ಎಸ್‌ಪಿ ಪಟ್ಟಿ (ಸಿಟಿ ಚಿತ್ರದ ಅಂಕವನ್ನು, ನೀರಿಗೆ ಹೋಲಿಸಿದ ಪ್ರೋಟಾನ್ ತಡೆಯುವ ಶಕ್ತಿಗೆ ಬದಲಿಸುವ ಪಟ್ಟಿ) ತಪ್ಪಿದ್ದರೂ, ಶ್ವಾಸಕೋಶದಲ್ಲಿ ಅಲ್ಗಾರಿದಮ್ ಎಡವಿದ್ದರೂ ಗಾಮಾ (ಲೆಕ್ಕಕ್ಕೂ ಅಳತೆಗೂ ಎಷ್ಟು ಬಿಂದುಗಳು ಮಿತಿಯೊಳಗೆ ಹೊಂದಿದವು ಎಂಬ ಅಂಕ) ಶೇ. 99 ಎಂದೇ ನಗುತ್ತದೆ. ವಿಕಿರಣ ಚಿಕಿತ್ಸೆಯ ಗುಣಮಟ್ಟ ಪರಿಶೀಲಿಸುವ ಹ್ಯೂಸ್ಟನ್‌ನ ಐರಾಕ್ ಕೇಂದ್ರ ಶ್ವಾಸಕೋಶದ ಫ್ಯಾಂಟಮ್‌ನಲ್ಲಿ ಬೇರೆ ಬೇರೆ ಪ್ರೋಟಾನ್ ಕೇಂದ್ರಗಳ ಬೀಮ್‌ಗಳನ್ನು ಅಳೆದು 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಪೆನ್ಸಿಲ್ ಬೀಮ್ ಲೆಕ್ಕಗಳು ಗುರಿಯ ನಡುವಿನ ಡೋಸನ್ನು ಸರಾಸರಿ ಶೇ. 7ರಷ್ಟು ಹೆಚ್ಚಾಗಿ ಹೇಳಿದ್ದವು. ಮಾಂಟೆ ಕಾರ್ಲೋ ಅಳತೆಗೆ ತೀರ ಹತ್ತಿರವಿತ್ತು. ಶ್ವಾಸಕೋಶಕ್ಕೆ ಪೆನ್ಸಿಲ್ ಬೀಮ್ ಬೇಡ, ಇದರಲ್ಲಿ ಚರ್ಚೆಗೆ ಜಾಗವಿಲ್ಲ.

ಸಿಟಿ ಕಡೆ ಮೊದಲು ಕೇಳಬೇಕಾದ್ದು: ಎಚ್‌ಯು-ಆರ್‌ಎಸ್‌ಪಿ ಪಟ್ಟಿ ತಯಾರಿಸುವಾಗ ಬಳಸಿದ ಕೆವಿ (ಎಕ್ಸ್‌ರೇ ವೋಲ್ಟೇಜ್), ಕರ್ನಲ್ (ಚಿತ್ರ ಕಟ್ಟುವ ಫಿಲ್ಟರ್), ಸ್ಕ್ಯಾನ್ ವ್ಯಾಪ್ತಿಯಲ್ಲೇ ಈ ರೋಗಿಯ ಸ್ಕ್ಯಾನ್ ಆಗಿದೆಯೇ? ತಂತ್ರಜ್ಞರು ಒಳ್ಳೆಯ ಉದ್ದೇಶದಿಂದ ಮಗುವಿಗೆಂದು ಕೆವಿ ಇಳಿಸಿರಬಹುದು. ಚಿತ್ರ ಚೆನ್ನಾಗಿಯೇ ಬಂದಿರುತ್ತದೆ, ಎಲುಬಿನ ಎಚ್‌ಯು ಮಾತ್ರ ಪಟ್ಟಿಗೆ ಸಲ್ಲದು. ಮುಂದೆ ಲೋಹ. ಸಾಮಾನ್ಯ 12 ಬಿಟ್ ಸಿಟಿ 3071ರ ಮೇಲೆ ಎಣಿಸುವುದಿಲ್ಲ, ಟೈಟಾನಿಯಂ ಅದಕ್ಕೂ ಬಹಳ ಮೇಲಿದೆ. ಅದನ್ನು ಕೈಯಾರೆ ಗುರುತಿಸಿ ಆರ್‌ಎಸ್‌ಪಿ ಸುಮಾರು 3.2 ಎಂದು ಕೊಡಬೇಕು, ಸುತ್ತಲಿನ ಕಪ್ಪು ಗೆರೆಗಳನ್ನು ಮೃದು ಅಂಗಾಂಶವೆಂದು ತಿದ್ದಬೇಕು. ಕಾಂಟ್ರಾಸ್ಟ್ ಹಾಕಿದ ಸ್ಕ್ಯಾನ್ ಮೇಲೆ ಲೆಕ್ಕ ಬೇಡ. ಕೌಚ್ ಮತ್ತು ಮಾಸ್ಕ್ ಹೊರಗೆರೆಯ ಒಳಗೆ ಸೇರಿವೆಯೇ ನೋಡಿ, ಸೇರದಿದ್ದರೆ ಬೀಮ್ ಅವನ್ನು ದಾಟಿ ಬಂದದ್ದು ಟಿಪಿಎಸ್‌ಗೆ ತಿಳಿಯುವುದಿಲ್ಲ.

ಪಟ್ಟಿಯೇ ಅನುಮಾನವಾದರೆ, 1996ರಿಂದ ಬಳಕೆಯಲ್ಲಿರುವ ಸ್ಟಾಯಿಕಿಯೋಮೆಟ್ರಿಕ್ ವಿಧಾನದಲ್ಲಿ (ಅಂಗಾಂಶಗಳ ರಾಸಾಯನಿಕ ಸಂಯೋಜನೆಯಿಂದ ಲೆಕ್ಕಹಾಕುವುದು) ಮತ್ತೆ ಕಟ್ಟಿ, ಕಸಾಯಿ ಅಂಗಡಿಯ ಮಾಂಸ, ಎಲುಬು, ಕೊಬ್ಬನ್ನು ಡಬ್ಬಿಗಳಲ್ಲಿಟ್ಟು ನಿಜವಾದ ರೇಂಜ್ ಸರಿತ ಅಳೆದು ಹೋಲಿಸಿ. ಎಷ್ಟು ಹೊಂದಬೇಕು ಎನ್ನುವುದಕ್ಕೆ ಪ್ರೋಟಾನ್ ಚಿಕಿತ್ಸೆಯ ಭೌತವಿಜ್ಞಾನಿ ಹರಾಲ್ಡ್ ಪಗನೆಟ್ಟಿ 2012ರಲ್ಲಿ ಕೊಟ್ಟ ಅಂದಾಜು ನೆನಪಿಟ್ಟುಕೊಳ್ಳಿ: ವಿಶ್ಲೇಷಣಾತ್ಮಕ ಲೆಕ್ಕದಲ್ಲಿ ರೇಂಜ್‌ನ ಅನಿಶ್ಚಿತತೆ ಶೇ. 2.7 ಮತ್ತು 1.2 ಮಿ.ಮೀ., ಬಿಡಿಬಿಡಿ ಸಾಂದ್ರತೆಯ ಜಾಗಗಳಲ್ಲಿ ಶೇ. 4.6 ಮತ್ತು 1.2 ಮಿ.ಮೀ., ಮಾಂಟೆ ಕಾರ್ಲೋ ಬಳಸಿದರೆ ಶೇ. 2.4 ಮತ್ತು 1.2 ಮಿ.ಮೀ.

ಎರಡು ಟಿಪಿಎಸ್‌ಗಳ ನಡುವೆ ಎಲುಬಿನಲ್ಲಿ ಮಾತ್ರ ವ್ಯತ್ಯಾಸ ಕಂಡರೆ ಒಂದು ನೀರಿಗೆ ಡೋಸ್, ಇನ್ನೊಂದು ಮಾಧ್ಯಮಕ್ಕೆ ಡೋಸ್ ವರದಿ ಮಾಡುತ್ತಿರಬಹುದು. ಅದು ದೋಷವಲ್ಲ, ಎರಡನ್ನೂ ಒಂದೇ ಬಗೆಗೆ ತಂದು ಹೋಲಿಸಿ.

ಗಾಮಾ ಅಂಕವನ್ನು ನಂಬುವ ಮುನ್ನ

ಶೇ. 3 ಮತ್ತು 3 ಮಿ.ಮೀ. ಗಾಮಾದಲ್ಲಿ ಪಾಸಾಯಿತು ಎಂಬ ಒಂದೇ ಸಾಲು ಏನನ್ನೂ ಹೇಳುವುದಿಲ್ಲ. ಸಮತಟ್ಟಾದ ಜಾಗದಲ್ಲಿ ಎಲ್ಲ ಬಿಂದುಗಳೂ ಶೇ. 2.8 ಕಡಿಮೆಯಿದ್ದರೂ ಅಂಕ ನೂರಕ್ಕೆ ನೂರು. ವ್ಯತ್ಯಾಸದ ಚಿಹ್ನೆ ನೋಡಿ: ಎಲ್ಲ ಒಂದೇ ಕಡೆ ವಾಲಿದೆಯೇ, ಅಂಚಿನಲ್ಲಿ ಒಟ್ಟಾಗಿದೆಯೇ? ಒಂದೇ ಆಳದಲ್ಲಿ ಅಳೆಯಬೇಡಿ. ಗುರಿಯ ಮೇಲ್ಭಾಗ, ನಡು, ಕೊನೆ, ಮೂರೂ ಬೇಕು. ಮಾಂಟೆ ಕಾರ್ಲೋದ ಸಂಖ್ಯಾಶಾಸ್ತ್ರೀಯ ಅನಿಶ್ಚಿತತೆ ಶೇ. 2ರಷ್ಟಿರುವಾಗ ಹೋಲಿಸಿದರೆ ಗದ್ದಲವೇ ಕೆಲವು ಬಿಂದುಗಳನ್ನು ಪಾಸು ಮಾಡಿಸಿಬಿಡುತ್ತದೆ, ಅದನ್ನು ಶೇ. 0.5ರ ಸುತ್ತ ತನ್ನಿ. ಯಂತ್ರ ಬರೆಯುವ ಲಾಗ್ ಫೈಲ್‌ನಿಂದ ಸ್ಪಾಟ್ ಸ್ಥಾನ, ಎಂಯು ತೆಗೆದು ಡೋಸ್ ಮರುಕಟ್ಟಿದರೆ ಡೆಲಿವರಿ ದೋಷ ಯಾವುದು, ಲೆಕ್ಕದ ದೋಷ ಯಾವುದು ಎಂದು ಬೇಗ ಬೇರ್ಪಡುತ್ತದೆ. ಕನಿಷ್ಠ ಎಂಯುಗಿಂತ ಕೆಳಗಿನ ಸ್ಪಾಟ್‌ಗಳನ್ನು ಕೈಬಿಟ್ಟ ನಂತರದ ಡೋಸನ್ನೇ ಟಿಪಿಎಸ್ ತೋರಿಸುತ್ತಿದೆಯೇ ಎಂಬುದೂ ಇಲ್ಲೇ ಗೊತ್ತಾಗುತ್ತದೆ.

ತಿದ್ದಿದ ಮೇಲೆ

ಬೀಮ್ ಮಾಡೆಲ್‌ನ ಒಂದು ಸಂಖ್ಯೆ ಬದಲಾದರೂ ಹಳೆಯದನ್ನು ಅಳಿಸಬೇಡಿ, ಹೊಸ ಹೆಸರಿನಲ್ಲಿ ಉಳಿಸಿ. ದೋಷ ಕಂಡ ಫೀಲ್ಡನ್ನು ಮಾತ್ರ ಮತ್ತೆ ಅಳೆದು ಖುಷಿಪಡುವುದೂ ಸಾಲದು: ಶಿಫ್ಟರ್ ಇರುವ ಮತ್ತು ಇಲ್ಲದ, ಸಣ್ಣ ಮತ್ತು ದೊಡ್ಡ, ಕಡಿಮೆ ಮತ್ತು ಹೆಚ್ಚು ಎನರ್ಜಿಯ ಫೀಲ್ಡ್‌ಗಳ ಪೂರ್ತಿ ಗುಂಪನ್ನು ಓಡಿಸಿ, ಏಕೆಂದರೆ 4×4 ಸರಿಮಾಡಲು ಹೋದ ಹೇಲೋ ತಿದ್ದುಪಡಿ 20×20 ಅನ್ನು ಕೆಡಿಸುವುದು ಅಪರೂಪವೇನಲ್ಲ. ಆಮೇಲೆ ಚಿಕಿತ್ಸೆಯ ನಡುವಿನಲ್ಲಿರುವ ರೋಗಿಗಳ ಪಟ್ಟಿ ತೆಗೆದು, ಪ್ರತಿ ಪ್ಲಾನನ್ನೂ ಹೊಸ ಮಾಡೆಲ್‌ನಲ್ಲಿ ಮರುಲೆಕ್ಕ ಹಾಕಿ, ಗುರಿಯ ಡೋಸ್ ಮತ್ತು ಅಕ್ಕಪಕ್ಕದ ಅಂಗಗಳ ಡೋಸ್ ಎರಡನ್ನೂ ಹಳೆಯದರ ಪಕ್ಕ ಬರೆದು ಆಂಕಾಲಜಿಸ್ಟ್ ಮೇಜಿಗೆ ತಲುಪಿಸಿ. ಉಳಿದ ಫ್ರ್ಯಾಕ್ಷನ್‌ಗಳಲ್ಲಿ ಸರಿದೂಗಿಸಬೇಕೋ ಬೇಡವೋ ಎಂಬುದು ಅವರು ನಿಮ್ಮೊಡನೆ ಕೂತು ತೀರ್ಮಾನಿಸುವ ವಿಷಯ. ಅಲ್ಲಿಯವರೆಗೆ ಆ ಪ್ಲಾನ್‌ಗಳನ್ನು ಚಿಕಿತ್ಸಾ ಸರದಿಯಲ್ಲಿ ತಡೆಹಿಡಿಯಿರಿ.